ಲೇಪನದ ಕೆಳಗೆ ಏನಿದೆ?



ಶಿವಮೊಗ್ಗದಲ್ಲೊಂದು ಹೊಸಮನೆ ಇದೆ, ಭದ್ರಾವತಿಯಲ್ಲೊಂದು ಹೊಸಮನೆ ಇದೆ. ಎರಡರಲ್ಲಿ ಯಾವ ಬೀದಿಗೆ ಹೋದರೂ ಎಲೆಕ್ಟ್ರಾನಿಕ್ ಬೋರ್ಡು ಇಲ್ಲದ ಮನೆ ಸಿಗುವುದು ಕಷ್ಟ. ಟಿವಿ, ಇನ್ವರ್ಟರ್, ವಾಷಿಂಗ್ ಮಷೀನ್, ಎಲ್‌ಇಡಿ ಬಲ್ಬು, ಗೋಡೆಯ ಮೇಲಿನ ಕರೆಂಟ್ ಮೀಟರು, ಬೋರ್‌ವೆಲ್ಲಿನ ಸ್ಟಾರ್ಟರು, ಎಲ್ಲದರ ಒಳಗೂ ಒಂದೊಂದು ಬೋರ್ಡು ಕೂತಿದೆ. ಊರಾಚೆಯ ಅಡಿಕೆ ತೋಟಕ್ಕೆ ಹೋದರೆ ಮೊಬೈಲಿನಿಂದ ಪಂಪು ಚಾಲೂ ಮಾಡುವ ಪೆಟ್ಟಿಗೆ, ಸೋಲಾರ್ ಬೇಲಿಯ ಪೆಟ್ಟಿಗೆ. ಮಳೆಗಾಲ ಹಿಡಿಯಿತೆಂದರೆ ಇವುಗಳಲ್ಲಿ ಕೆಲವು ಕೈಕೊಡುತ್ತವೆ. ರಿಪೇರಿಯವರು ಬಿಚ್ಚಿ ನೋಡಿ, ಬೋರ್ಡು ಥಂಡಿ ಹಿಡಿದಿದೆ ಎನ್ನುತ್ತಾರೆ. ಐಸಿಯ ಕಾಲುಗಳ ನಡುವೆ ಬಿಳಿ ಪುಡಿ, ಬೆಸುಗೆಯ ಸುತ್ತ ಹಸಿರು ಕಿಲುಬು ಕಾಣುತ್ತದೆ. ಇದಕ್ಕೆ ಉದ್ಯಮ ಕಂಡುಕೊಂಡ ಮದ್ದು, ಬೋರ್ಡಿನ ಮೇಲೆ ತೆಳುವಾದ ಪಾರದರ್ಶಕ ಲೇಪನ ಕೊಡುವುದು. ಕೋಟಿಂಗ್ ಎಂದರೆ ಅಂಗಡಿಯವರಿಗೆಲ್ಲ ಗೊತ್ತು. ಆ ಲೇಪನ ಚೆನ್ನಾಗಿದೆಯೇ ಎಂದು ನೋಡುವಾಗ ನಾವು ಸಾಮಾನ್ಯವಾಗಿ ಮೇಲ್ಮೈಯ ಹೊಳಪನ್ನೂ ದಪ್ಪವನ್ನೂ ನೋಡುತ್ತೇವೆ. ಬೋರ್ಡಿನ ಅಳಿವು ಉಳಿವು ತೀರ್ಮಾನವಾಗುವುದು ಬೇರೆ ಎರಡು ಕಡೆ: ಲೇಪನದ ಅಡಿಯಲ್ಲಿ ಮತ್ತು ಅದರ ಅಂಚಿನಲ್ಲಿ. ಆದ್ದರಿಂದ ಲೇಪನದ ಪರೀಕ್ಷೆ ಲೇಪನ ಹಾಕುವುದಕ್ಕೆ ಮೊದಲೇ ಶುರುವಾಗಬೇಕು ಎಂಬುದು ನನ್ನ ವಾದ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆ ಸರಿಪಡಿಸಬೇಕು. ಬೋರ್ಡಿನ ಹಸಿರು ಬಣ್ಣವೇ ಅದರ ರಕ್ಷಣೆ ಎಂದು ಹಲವರು ನಂಬಿದ್ದಾರೆ. ಅದು ಸೋಲ್ಡರ್ ಮಾಸ್ಕ್. ಬೆಸೆಯುವಾಗ ಕರಗಿದ ತವರ ಪಕ್ಕದ ಗೆರೆಗೆ ಹರಿಯದಿರಲೆಂದು ಖಾಲಿ ಬೋರ್ಡು ತಯಾರಾಗುವಾಗಲೇ ಅದನ್ನು ಹಾಕಿರುತ್ತಾರೆ. ಬಿಡಿಭಾಗಗಳ ಕಾಲು ಕೂರುವ ಕಡೆಯಲ್ಲೆಲ್ಲ ಹಸಿರು ಬಿಟ್ಟಿರುತ್ತದೆ. ಹಾಗಾಗಿ ಬೆಸುಗೆ, ಕಾಲು ಎರಡೂ ಬೆತ್ತಲೆ. ನಂಜನಗೂಡಿನ ಎಟಿ ಅಂಡ್ ಎಸ್‌ನಂಥ ಕಾರ್ಖಾನೆಯಲ್ಲಿ ಖಾಲಿ ಬೋರ್ಡು ಸಿದ್ಧವಾಗುತ್ತದೆ. ಮೈಸೂರಿನ ಕೇನ್ಸ್‌ನಂಥ ಕಂಪನಿಗಳಲ್ಲಿ ಅಂಥ ಬೋರ್ಡಿನ ಮೇಲೆ ಬಿಡಿಭಾಗ ಕೂರಿಸಿ ಬೆಸೆಯುತ್ತಾರೆ. ರಕ್ಷಣೆಯ ಲೇಪನದ ಸರದಿ ಅದಾದ ಮೇಲೆ. ಅಕ್ರಿಲಿಕ್, ಯೂರಿಥೇನ್, ಎಪಾಕ್ಸಿ, ಸಿಲಿಕೋನ್, ಪ್ಯಾರಿಲೀನ್ ಎಂದು ಅದರಲ್ಲಿ ಮುಖ್ಯವಾಗಿ ಐದು ಜಾತಿ. ಜಗತ್ತಿನ ಬಹುಪಾಲು ಕಾರ್ಖಾನೆಗಳು ಒಪ್ಪಿಕೊಂಡ ಐಪಿಸಿ-ಎ-610 ನಿಯಮದ ಪ್ರಕಾರ ಮೊದಲ ಮೂರರ ದಪ್ಪ 0.03ರಿಂದ 0.13 ಮಿಲಿಮೀಟರ್, ಸಿಲಿಕೋನಿನದು 0.05ರಿಂದ 0.21, ಪ್ಯಾರಿಲೀನಿನದು 0.01ರಿಂದ 0.05 ಮಿಲಿಮೀಟರ್ ಇರಬೇಕು. ಮೋಟಾರ್ ವೈಂಡಿಂಗ್ ಅಂಗಡಿಯವರಿಗೆ ಈ ವಿದ್ಯೆ ತೀರ ಹೊಸದಲ್ಲ. ಸುತ್ತಿದ ತಂತಿಯನ್ನು ಬಿಸಿ ಮಾಡಿ, ತೇವ ಓಡಿಸಿ, ಆಮೇಲೆ ವಾರ್ನಿಷ್ ಕೊಟ್ಟು ಒಣಗಿಸುವುದು ಅವರ ನಿತ್ಯದ ಕೆಲಸ. ಆ ಕ್ರಮದಲ್ಲಿ ಮೊದಲು ಬರುವುದು ಒಣಗಿಸುವ ಹಂತ ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ.

ಲೇಪನ ನೀರನ್ನು ತಡೆಯುತ್ತದೆ ಎಂಬ ಮಾತು ಅರ್ಧ ಸತ್ಯ. ಮೇಲೆ ಬಿದ್ದ ಹನಿಯನ್ನು ಅದು ತಡೆಯುತ್ತದೆ. ಗಾಳಿಯಲ್ಲಿರುವ ನೀರಿನ ಆವಿಯನ್ನು ಮಾತ್ರ ಯಾವ ಅಂಟಿನ ಪೊರೆಯೂ ಪೂರ್ತಿ ತಡೆಯಲಾರದು. ಅಕ್ರಿಲಿಕ್ ಆಗಲಿ ಸಿಲಿಕೋನ್ ಆಗಲಿ, ಆವಿ ನಿಧಾನವಾಗಿ ಅದರೊಳಗೆ ಇಳಿದು ತಳ ಮುಟ್ಟುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕೆ ಬೇಕಾದಷ್ಟು ಕಾಲಾವಕಾಶವಿದೆ. ಹಾಗಾದರೆ ಲೇಪನ ಯಾಕೆ ಬೇಕು? ಲೇಪನ ಬೋರ್ಡಿಗೆ ಬಿಗಿಯಾಗಿ ಕಚ್ಚಿಕೊಂಡಿದ್ದರೆ, ತಳ ಮುಟ್ಟಿದ ಆವಿಗೆ ನೀರಾಗಿ ನಿಲ್ಲಲು ಎಡೆಯೇ ಸಿಗುವುದಿಲ್ಲ. ನೀರು ನಿಲ್ಲದಿದ್ದರೆ ಲೋಹ ಕರಗುವುದಿಲ್ಲ, ಒಂದು ಕಾಲಿನಿಂದ ಇನ್ನೊಂದಕ್ಕೆ ಕರೆಂಟ್ ಸೋರುವುದಿಲ್ಲ. ಅಂದರೆ ರಕ್ಷಣೆ ಕೊಡುವ ಗುಣ ಲೇಪನದ ದಪ್ಪಕ್ಕಿಂತ ಹೆಚ್ಚಾಗಿ ಅದರ ಹಿಡಿತದಲ್ಲಿದೆ. ಹಿಡಿತ ತಪ್ಪಿದ ಕಡೆ ಏನಾಗುತ್ತದೆಂದು ಹತ್ತಿರದಿಂದ ನೋಡೋಣ. ಐಸಿಯ ಎರಡು ಕಾಲುಗಳ ನಡುವೆ 0.2 ಮಿಲಿಮೀಟರ್ ಅಂತರವಿದೆ, ಒಂದರಲ್ಲಿ 5 ವೋಲ್ಟ್ ಇದೆ ಎನ್ನಿ. ಕೇಳಲು ಅಲ್ಪ, ಆದರೆ ಮಿಲಿಮೀಟರಿಗೆ 25 ವೋಲ್ಟಿನ ಸೆಳೆತ ಅದು. ನಡುವೆ ನೀರಿನ ತೆಳು ಪದರ ಕೂತರೆ ಧನ ಕಾಲಿನ ತವರ, ತಾಮ್ರ ಅಥವಾ ಬೆಳ್ಳಿ ಅಯಾನುಗಳಾಗಿ ಕರಗಿ ಋಣ ಕಾಲಿನತ್ತ ಸಾಗುತ್ತದೆ. ಅಲ್ಲಿ ಮತ್ತೆ ಲೋಹವಾಗಿ ಕೂತು, ಕವಲೊಡೆದು, ಬಂದ ದಾರಿಯಲ್ಲೇ ಹಿಂದಕ್ಕೆ ಬೆಳೆಯುತ್ತದೆ. ಎರಡೂ ಕಾಲು ಮುಟ್ಟಿದ ಕ್ಷಣ ಶಾರ್ಟ್. ಕೆಲವೊಮ್ಮೆ ಆ ಎಳೆ ಶಾರ್ಟಿನ ಬಿಸಿಗೆ ತಾನೇ ಸುಟ್ಟುಹೋಗಿ ಬೋರ್ಡು ಮತ್ತೆ ಕೆಲಸ ಮಾಡುತ್ತದೆ. ಅಂಗಡಿಗೆ ತಂದಾಗ ಸರಿಯಿತ್ತು, ತೋಟಕ್ಕೆ ಒಯ್ದಾಗ ಕೆಟ್ಟಿತು ಎಂಬ ದೂರಿಗೆ ಇದೂ ಒಂದು ಕಾರಣ.

ಇದೆಲ್ಲ ಆಗುಂಬೆಯ ಮಾತು, ಶಿವಮೊಗ್ಗ ಭದ್ರಾವತಿಗೆ ಅಷ್ಟೇನೂ ಮಳೆಯಿಲ್ಲವಲ್ಲ ಎನ್ನಬಹುದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ, ನಮ್ಮ ಪೇಟೆಗಳಲ್ಲಿ ಅದರ ಸಣ್ಣದೊಂದು ಪಾಲು ಮಾತ್ರ, ನಿಜ. ಆದರೆ ಪೆಟ್ಟಿಗೆಯೊಳಗಿನ ಬೋರ್ಡಿಗೆ ಮಳೆಯ ಅಳತೆ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಗಾಳಿಯ ತೇವಾಂಶ ಮತ್ತು ತನ್ನ ಮೈಯ ತಾಪ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೇವಾಂಶ ಶೇಕಡಾ 90 ಇದ್ದರೆ, ಯಾವುದಾದರೂ ವಸ್ತು ಬರೀ ಎರಡು ಡಿಗ್ರಿ ತಣ್ಣಗಾದರೂ ಅದರ ಮೇಲೆ ಇಬ್ಬನಿ ಕೂರುತ್ತದೆ. ಕರೆಂಟು ಇರುವಷ್ಟು ಹೊತ್ತು ಬೋರ್ಡು ತನ್ನದೇ ಬಿಸಿಯಿಂದ ಒಣಗಿರುತ್ತದೆ. ರಾತ್ರಿ ಮರ ಬಿದ್ದು ಲೈನು ಹೋಯಿತೆನ್ನಿ, ಬೋರ್ಡು ತಣ್ಣಗಾಗುತ್ತದೆ, ತೇವ ಹೀರುತ್ತದೆ. ಬೆಳಿಗ್ಗೆ ಲೈನು ಬಂದೊಡನೆ ಒದ್ದೆ ಮೈಗೆ ವೋಲ್ಟೇಜು ಬೀಳುತ್ತದೆ. ಮಲೆನಾಡಿನ ಅಂಚಿನ ಊರುಗಳಿಗೆ ಈ ಪಾಡು ಚೆನ್ನಾಗಿ ಗೊತ್ತು.

ಇನ್ನು ಹಿಡಿತ ತಪ್ಪುವುದು ಯಾಕೆ ಎಂಬ ಪ್ರಶ್ನೆ. ವಿಷಯದ ತಿರುಳು ಇಲ್ಲಿದೆ. ಬೆಸೆಯುವಾಗ ಬಳಸುವ ಫ್ಲಕ್ಸಿನ ಶೇಷ, ಕೈಬೆರಳಿನ ಬೆವರಿನ ಉಪ್ಪು, ತೊಳೆದ ದ್ರಾವಣದ ಉಳಿಕೆ ಇವುಗಳ ಮೇಲೆಯೇ ಲೇಪನ ಹಾಕಿದರೆ, ಅದು ಬೋರ್ಡಿಗೆ ಅಂಟುವ ಬದಲು ಕೊಳೆಗೆ ಅಂಟುತ್ತದೆ. ಒಳಗಿಳಿದ ಆವಿ ಆ ಉಪ್ಪನ್ನು ಕರಗಿಸುತ್ತದೆ. ಉಪ್ಪಿನ ದ್ರಾವಣ ಇನ್ನಷ್ಟು ನೀರನ್ನು ಪೊರೆಯ ಮೂಲಕ ಎಳೆದುಕೊಳ್ಳುತ್ತದೆ, ಒತ್ತಡ ಹೆಚ್ಚಿ ಲೇಪನ ಮೇಲೇಳುತ್ತದೆ. ಥಂಡಿ ಗೋಡೆಗೆ ಉಪ್ಪು ಕೆರೆಯದೆ ಡಿಸ್ಟೆಂಪರ್ ಬಳಿದರೆ ಮೊದಲ ಮಳೆಗೇ ಹೊಪ್ಪಳೆ ಏಳುವುದನ್ನು ನಾವೆಲ್ಲ ನೋಡಿದ್ದೇವೆ. ಬೋರ್ಡಿನ ಮೇಲೂ ಅದೇ ನಡೆಯುತ್ತದೆ. ವ್ಯತ್ಯಾಸವೆಂದರೆ ಗೋಡೆಯ ಹೊಪ್ಪಳೆಯಿಂದ ಅಂದ ಕೆಡುತ್ತದೆ, ಬೋರ್ಡಿನ ಹೊಪ್ಪಳೆಯೊಳಗೆ ಉಪ್ಪುನೀರು, ಲೋಹ, ವೋಲ್ಟೇಜು ಮೂರೂ ಒಟ್ಟಾಗಿ ಬಂಧಿಯಾಗಿರುತ್ತವೆ. ಲೇಪನವಿಲ್ಲದ ಬೋರ್ಡು ಬಿಸಿಲು ಬಂದಾಗ ಒಣಗಿ ಬದುಕಿಕೊಂಡೀತು. ಕೊಳೆಯ ಮೇಲೆ ಲೇಪನ ಹಾಕಿಸಿಕೊಂಡ ಬೋರ್ಡಿಗೆ ಆ ಭಾಗ್ಯವೂ ಇಲ್ಲ. ಹೀಗಾಗಿ ಕೆಟ್ಟ ಲೇಪನಕ್ಕಿಂತ ಲೇಪನ ಇಲ್ಲದಿರುವುದೇ ಎಷ್ಟೋ ವೇಳೆ ಲೇಸು.

ಶುಚಿತ್ವವನ್ನು ಅಳೆಯಲು ಉದ್ಯಮ ಒಂದು ಅಂಕಿಯನ್ನು ದಶಕಗಳ ಕಾಲ ನೆಚ್ಚಿಕೊಂಡಿತ್ತು. ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಶುದ್ಧ ನೀರಿನ ಮಿಶ್ರಣದಲ್ಲಿ ತೊಳೆದು, ಆ ದ್ರಾವಣ ಎಷ್ಟು ಕರೆಂಟು ಹರಿಸುತ್ತದೆಂದು ನೋಡಿ, ಚದರ ಸೆಂಟಿಮೀಟರಿಗೆ ಅಡುಗೆ ಉಪ್ಪಿನ ಲೆಕ್ಕದಲ್ಲಿ 1.56 ಮೈಕ್ರೋಗ್ರಾಮಿಗಿಂತ ಕಡಿಮೆ ಇದ್ದರೆ ಪಾಸು. ಈ ಅಂಕಿ ಬಂದದ್ದು 1970ರ ದಶಕದಲ್ಲಿ, ಅಮೆರಿಕದ ನೌಕಾದಳದ ಕೇಂದ್ರವೊಂದರ ಕೆಲಸದಿಂದ, ಆಗಿನ ರಾಳದ ಫ್ಲಕ್ಸು ಮತ್ತು ದೂರ ದೂರ ಕಾಲಿನ ಬಿಡಿಭಾಗಗಳ ಕಾಲದಲ್ಲಿ. ಬಿಡಿಭಾಗ ಚಿಕ್ಕದಾಯಿತು, ಕಾಲು ಹತ್ತಿರವಾಯಿತು, ಫ್ಲಕ್ಸು ಬದಲಾಯಿತು, ಅಂಕಿ ಮಾತ್ರ ಅಲ್ಲೇ ಕೂತಿತ್ತು. ಅದೊಂದನ್ನೇ ನೆಚ್ಚಿ ಬೋರ್ಡನ್ನು ಒಪ್ಪಿಕೊಳ್ಳುವಂತಿಲ್ಲ ಎಂದು ಉದ್ಯಮದ ನಿಯಮವೇ ತಿದ್ದುಪಡಿಯಾದದ್ದು 2018ರಲ್ಲಿ. ಇಡೀ ಬೋರ್ಡಿನ ಸರಾಸರಿ ಚೆನ್ನಾಗಿದ್ದು, ಒಂದು ಐಸಿಯ ಹೊಟ್ಟೆಯಡಿ ಮಾತ್ರ ಫ್ಲಕ್ಸ್ ಉಳಿದಿದ್ದರೆ ಸರಾಸರಿ ಅದನ್ನು ಹೇಳುವುದಿಲ್ಲ, ಸಾಯುವುದು ಮಾತ್ರ ಅದೇ ಐಸಿ.

ಈಗ ಎಲ್ಲರೂ ನೆಚ್ಚಿಕೊಂಡ ದೀಪದ ಪರೀಕ್ಷೆಗೆ ಬರೋಣ. ಲೇಪನದ ದ್ರವಕ್ಕೆ ಹೊಳೆಯುವ ಬಣ್ಣವೊಂದನ್ನು ಬೆರೆಸಿರುತ್ತಾರೆ. ಕತ್ತಲಲ್ಲಿ ನೇರಳಾತೀತ ದೀಪ ಹಿಡಿದರೆ ಲೇಪನವಿರುವ ಕಡೆ ನೀಲಿ ಹೊಳಪು, ಇಲ್ಲದ ಕಡೆ ಕಪ್ಪು. ಅಂಗಡಿಯವರು ನೋಟು ಪರೀಕ್ಷಿಸುವ ದೀಪದ ಜಾತಿಯದೇ ಇದು. ಒಳ್ಳೆಯ ಪರೀಕ್ಷೆ, ಅಗ್ಗದ ಪರೀಕ್ಷೆ. ಲೇಪನ ಹಾರಿಹೋದ ಮೂಲೆಯನ್ನೂ, ಲೇಪನ ತಾಗಬಾರದ ಕನೆಕ್ಟರಿಗೆ ಅದು ಹರಿದದ್ದನ್ನೂ ಇದು ಚೆನ್ನಾಗಿ ತೋರಿಸುತ್ತದೆ. ಆದರೆ ಇದು ಉತ್ತರಿಸುವುದು ಲೇಪನ ಎಲ್ಲಿದೆ ಎಂಬ ಒಂದೇ ಪ್ರಶ್ನೆಗೆ. ಅಡಿಯಲ್ಲಿ ಫ್ಲಕ್ಸ್ ಇದೆಯೇ, ಲೇಪನ ಕಚ್ಚಿದೆಯೇ ಎಂಬುದಕ್ಕೆ ದೀಪ ಉತ್ತರಿಸದು. ಕೊಳೆಯ ಮೇಲಿನ ಲೇಪನವೂ ಅಷ್ಟೇ ಚೆನ್ನಾಗಿ ಹೊಳೆಯುತ್ತದೆ. ಫ್ಲಕ್ಸಿನ ಕೆಲವು ಶೇಷಗಳು ತಾವೇ ಹೊಳೆಯುತ್ತವೆ. ಪ್ಯಾರಿಲೀನಿಗೆ ಈ ಬಣ್ಣವೇ ಸಾಮಾನ್ಯವಾಗಿ ಇರುವುದಿಲ್ಲ. ದಪ್ಪದ ಪರೀಕ್ಷೆಯದೂ ಇಂಥದೇ ಕಥೆ. ನಿಯಮದಲ್ಲಿ ಹೇಳಿದ ದಪ್ಪವನ್ನು ಅಳೆಯುವುದು ಬೋರ್ಡಿನ ಸಮತಟ್ಟು, ಖಾಲಿ ಜಾಗದಲ್ಲಿ, ಇಲ್ಲವೇ ಜೊತೆಗಿಟ್ಟು ಲೇಪಿಸಿದ ಚಪ್ಪಟೆ ತಗಡಿನ ಮೇಲೆ. ದ್ರವಕ್ಕೆ ಚೂಪಾದ ಅಂಚಿನಿಂದ ಹಿಂದೆ ಸರಿಯುವ ಗುಣವಿದೆ. ತಗಡಿನ ಮೇಲೆ 0.08 ಮಿಲಿಮೀಟರ್ ಬಂದರೂ ಐಸಿಯ ಕಾಲು ಬಾಗುವ ಮೊಣಕಾಲಿನಂಥ ಅಂಚಿನಲ್ಲಿ, ಕತ್ತರಿಸಿದ ತಂತಿಯ ತುದಿಯಲ್ಲಿ ಅದರ ಸಣ್ಣದೊಂದು ಪಾಲು ಉಳಿದರೆ ಹೆಚ್ಚು. ಜಾರಿದ ದ್ರವವೆಲ್ಲ ಕಾಲುಗಳ ಬುಡದಲ್ಲಿ ಶೇಖರವಾಗಿ, ಅಲ್ಲಿ ಅತಿ ದಪ್ಪವಾಗಿ ಬಿರುಕು ಬಿಡುತ್ತದೆ. ಆದ್ದರಿಂದ ದೀಪ ಹಿಡಿದಾಗ ಬೋರ್ಡಿನ ನಡುಭಾಗದ ನೀಲಿಗೆ ಮೆಚ್ಚಿಗೆ ಸೂಚಿಸುವ ಬದಲು, ಬೋರ್ಡನ್ನು ಓರೆ ಮಾಡಿ, ಭೂತಗನ್ನಡಿಯಲ್ಲಿ ಕಾಲಿನ ಅಂಚನ್ನು ನೋಡಬೇಕು.

ಭದ್ರಾವತಿಯವರಿಗೆ ಇನ್ನೊಂದು ಸಾಕ್ಷ್ಯ ಬೇಗ ಅರ್ಥವಾದೀತು. 1936ರಲ್ಲಿ ಹುಟ್ಟಿ, 2015ರಲ್ಲಿ ಉತ್ಪಾದನೆ ನಿಂತ ಎಂಪಿಎಂ ಕಾಗದದ ಕಾರ್ಖಾನೆಯ ವಾಸನೆ ಊರಿನ ಹಳಬರಿಗೆ ಗೊತ್ತು. ಮರದ ಚಕ್ಕೆಯನ್ನು ಸೋಡಿಯಂ ಸಲ್ಫೈಡ್ ಬೆರೆತ ದ್ರಾವಣದಲ್ಲಿ ಬೇಯಿಸುವ ಕ್ರಾಫ್ಟ್ ವಿಧಾನದ ಕಾರ್ಖಾನೆ ಜಗತ್ತಿನಲ್ಲಿ ಎಲ್ಲೇ ಇರಲಿ, ಅದರ ಗಾಳಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಅದು ತಾಮ್ರ, ಬೆಳ್ಳಿಗಳಿಗೆ ಶತ್ರು. ಇಂಥ ಕಡೆಯ ಕಂಟ್ರೋಲ್ ರೂಮುಗಳಿಗಾಗಿಯೇ ಐಎಸ್‌ಎ 71.04 ಎಂಬ ಮಾನಕ ಇದೆ. ತಾಮ್ರದ ತಗಡೊಂದನ್ನು 30 ದಿನ ಗಾಳಿಗೆ ಒಡ್ಡಿ, ಅದರ ಮೇಲೆ ಕೂತ ಕಿಲುಬಿನ ದಪ್ಪ 300 ಆಂಗ್‌ಸ್ಟ್ರಮ್‌ಗಿಂತ ಕಡಿಮೆ ಇದ್ದರೆ ಸೌಮ್ಯ ಗಾಳಿ, 2,000 ಮುಟ್ಟಿದರೆ ತೀರ ಕೆಟ್ಟ ಗಾಳಿ ಎಂದು ಅದು ದರ್ಜೆ ಕಟ್ಟುತ್ತದೆ. ಈಗ ಬೋರ್ಡುಗಳಲ್ಲಿ ಸಾವಿರಗಟ್ಟಲೆ ಬಳಸುವ ಪುಟ್ಟ ಚಿಪ್ ರೆಸಿಸ್ಟರಿನ ಒಳತುದಿಗಳಲ್ಲಿ ಬೆಳ್ಳಿ ಇರುತ್ತದೆ. ಗಂಧಕದ ಅನಿಲ ಅದನ್ನು ಬೆಳ್ಳಿಯ ಸಲ್ಫೈಡ್ ಮಾಡಿ, ಕೊನೆಗೆ ರೆಸಿಸ್ಟರ್ ತುಂಡಾದಂತೆ ಆಗುತ್ತದೆ. ಸಿಲಿಕೋನ್ ಲೇಪನ ಬಿಸಿ, ಚಳಿ ಎರಡಕ್ಕೂ ಜಗ್ಗದ ಗಟ್ಟಿಗ, ಆದರೆ ಅನಿಲಗಳಿಗೆ ಅದು ತೆರೆದ ಬಾಗಿಲು. ಗಂಧಕದ ಗಾಳಿಯಲ್ಲಿ ಸಿಲಿಕೋನಿನಡಿಯ ರೆಸಿಸ್ಟರುಗಳು ಸತ್ತ ಪ್ರಕರಣಗಳು ಈ ಕ್ಷೇತ್ರದವರಿಗೆಲ್ಲ ಪರಿಚಿತ. ಆ ಬೋರ್ಡುಗಳನ್ನು ದೀಪದಡಿ ಹಿಡಿದರೆ ಕುಂದಿಲ್ಲದ ನೀಲಿ, ದಪ್ಪ ಅಳೆದರೆ ನಿಯಮದ ಒಳಗೆ. ಎರಡೂ ಪರೀಕ್ಷೆ ಪಾಸಾಗಿ ಬೋರ್ಡು ನಪಾಸಾಯಿತೆಂದರೆ, ಪರೀಕ್ಷೆ ಕೇಳಬೇಕಾದ ಪ್ರಶ್ನೆಯನ್ನು ಕೇಳಲಿಲ್ಲ ಎಂದೇ ಅರ್ಥ. ಮಾಚೇನಹಳ್ಳಿಯ ಫೌಂಡ್ರಿಗಳಲ್ಲಿ ತೊಂದರೆ ಗಂಧಕಕ್ಕಿಂತ ಕಬ್ಬಿಣದ ಧೂಳಿನದು. ಅಲ್ಲಿಗೆ ಬೇರೆ ಲೇಪನ, ಬೇರೆ ಪರೀಕ್ಷೆ.

ನನ್ನ ಈ ವಾದಕ್ಕೆ ಆಕ್ಷೇಪಗಳಿವೆ, ಕೆಲವು ಗಟ್ಟಿಯಾದವೇ. ಇಷ್ಟೆಲ್ಲ ರಗಳೆ ಯಾಕೆ, ರಬ್ಬರ್ ಪಟ್ಟಿಯ ಗಟ್ಟಿ ಪೆಟ್ಟಿಗೆಯಲ್ಲಿಟ್ಟರೆ ಸಾಲದೇ ಎನ್ನುವವರಿದ್ದಾರೆ. ಐಪಿ 65 ಎಂದು ಬರೆದ ಪೆಟ್ಟಿಗೆಯನ್ನು ಪರೀಕ್ಷಿಸುವುದು ಧೂಳಿಗೆ, ನೀರಿನ ಧಾರೆಗೆ; ಆವಿಗಲ್ಲ. ಹಗಲು ಬಿಸಿಯಾಗಿ ಒಳಗಿನ ಗಾಳಿ ಹೊರಬರುತ್ತದೆ, ರಾತ್ರಿ ತಣ್ಣಗಾಗಿ ಹೊರಗಿನ ಒದ್ದೆ ಗಾಳಿ ಒಳಸೇರುತ್ತದೆ, ಒಳಗೆ ನೀರಾದದ್ದು ಹೊರಬರಲು ದಾರಿ ಕಾಣದೆ ಅಲ್ಲೇ ನಿಲ್ಲುತ್ತದೆ. ಬೋರ್ಡನ್ನು ಪೂರ್ತಿ ರಾಳದಲ್ಲಿ ಮುಳುಗಿಸಿಬಿಡುವ ದಾರಿಯೂ ಇದೆ. ಅಗ್ಗದ ಸಾಮಾನಿಗೆ ಅದು ಸರಿಯೇ. ಆದರೆ ಒಂದು ರಿಲೇ ಕೆಟ್ಟರೂ ಇಡೀ ಬೋರ್ಡನ್ನು ಎಸೆಯಬೇಕು. ಅಲ್ಲದೆ ರಾಳದಡಿಯ ಕೊಳೆಯೂ ಕೊಳೆಯೇ.

ರಿಪೇರಿಯವರ ಆಕ್ಷೇಪ ಇನ್ನೊಂದು: ಕೋಟಿಂಗ್ ಇದ್ದರೆ ಕೆಲಸ ಮಾಡಲು ಆಗುವುದಿಲ್ಲ, ಮೀಟರಿನ ಮೊನೆ ತಾಗುವುದಿಲ್ಲ. ಎಪಾಕ್ಸಿಯ ಮಟ್ಟಿಗೆ ಇದು ನಿಜ. ಅದನ್ನು ತೆಗೆಯುವುದರಲ್ಲಿ ಬೋರ್ಡೇ ಹಾಳಾಗುತ್ತದೆ. ಅಕ್ರಿಲಿಕ್ ಥಿನ್ನರಿಗೆ ಕರಗುತ್ತದೆ, ಸಿಲಿಕೋನನ್ನು ಕೊಯ್ದು ಸುಲಿಯಬಹುದು. ಯೂರಿಥೇನಿನ ಮೇಲೆಯೇ ಕಾದ ಸೋಲ್ಡರಿಂಗ್ ಐರನ್ ಇಡುವ ಅಭ್ಯಾಸವಿದೆ. ಅದರ ಹೊಗೆ ಶ್ವಾಸಕ್ಕೆ ಕೆಟ್ಟದ್ದು, ಕಿಟಕಿ ತೆರೆಯದೆ ಆ ಕೆಲಸ ಬೇಡ. ನಿಜವಾದ ತೊಂದರೆ ಬರುವುದು ರಿಪೇರಿಯಾದ ಮೇಲೆ. ಥಿನ್ನರ್ ಬ್ರಷ್ಷಿನಿಂದ ಉಜ್ಜಿದಾಗ ಫ್ಲಕ್ಸ್ ಹೋಗುವುದಿಲ್ಲ, ತೆಳುವಾಗಿ ಹರಡುತ್ತದೆ. ಅದರ ಮೇಲೆ ಮಳೆಗಾಲದ ಮಧ್ಯಾಹ್ನ ಸ್ಪ್ರೇ ಡಬ್ಬಿಯಿಂದ ಹೊಡೆದರೆ, ದ್ರಾವಕ ಆರುವ ರಭಸಕ್ಕೆ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂತು, ಲೇಪನ ಹಾಲಿನಂತೆ ಬೆಳ್ಳಗಾಗುತ್ತದೆ. ಆ ಬಿಳುಪು ಕಂಡರೆ ತೇವವನ್ನೂ ಸೇರಿಸಿ ಮುಚ್ಚಿದ್ದೇವೆ ಎಂದು ತಿಳಿಯಬೇಕು. ವೈಂಡಿಂಗ್ ಅಂಗಡಿಯ ಕ್ರಮ ಇಲ್ಲಿಗೂ ಸರಿ: ಹೊಸ ದ್ರಾವಣದಲ್ಲಿ ಮತ್ತೊಮ್ಮೆ ತೊಳೆದು, 60ರಿಂದ 80 ಡಿಗ್ರಿ ಬಿಸಿಯಲ್ಲಿ ಕೆಲ ಗಂಟೆ ಒಣಗಿಸಿ, ಆಮೇಲೆ ಲೇಪನ.

ಉಳಿದದ್ದು ಖರ್ಚಿನ ಆಕ್ಷೇಪ. ಬಿಇಎಲ್ ಮಾಡುವ ರೇಡಾರಿಗೆ ಇದೆಲ್ಲ ಸರಿ; ಸೇನೆಯ ಉಪಕರಣಗಳಿಗೆ ಜೆಎಸ್‌ಎಸ್ 55555 ಎಂಬ ನಿಯಮಾವಳಿಯೇ ಇದೆ, ತೇವ, ಉಪ್ಪುಗಾಳಿ, ಬೂಷ್ಟಿನವರೆಗೆ ಪರೀಕ್ಷಿಸುತ್ತಾರೆ. ಸ್ಟಾರ್ಟರ್ ಪೆಟ್ಟಿಗೆ ಕಟ್ಟುವ ಸಣ್ಣ ಉದ್ಯಮಿ ಎಲ್ಲಿಗೆ ಹೋಗಬೇಕು? ನ್ಯಾಯವಾದ ಪ್ರಶ್ನೆ. ಆದರೆ ನಾನು ಹೇಳುತ್ತಿರುವ ಪರೀಕ್ಷೆಗಳಲ್ಲಿ ಮುಖ್ಯವಾದವಕ್ಕೆ ದೊಡ್ಡ ಯಂತ್ರ ಬೇಡ. ಬೋರ್ಡುಗಳ ಪ್ರತಿ ಕಂತಿನ ಜೊತೆ, ಎರಡು ತಾಮ್ರದ ಗೆರೆಗಳನ್ನು ಒಂದಕ್ಕೊಂದು ತಾಗದಂತೆ ಹೆಣೆದ ಪುಟ್ಟ ಖಾಲಿ ತುಣುಕೊಂದನ್ನು ಅದೇ ಫ್ಲಕ್ಸು, ಅದೇ ತೊಳೆತ, ಅದೇ ಲೇಪನಕ್ಕೆ ಒಡ್ಡಬೇಕು. ಬ್ಲೇಡಿನಿಂದ ಅದರ ಮೂಲೆಯಲ್ಲಿ ಅಡ್ಡ ಉದ್ದ ಗೀಟು ಹಾಕಿ, ಟೇಪು ಅಂಟಿಸಿ ಸರಕ್ಕನೆ ಎಳೆದರೆ ಹಿಡಿತ ಎಷ್ಟಿದೆಯೆಂದು ಗೊತ್ತಾಗುತ್ತದೆ. ಚೌಕಗಳು ಟೇಪಿಗೆ ಕಿತ್ತು ಬಂದರೆ ಆ ಕಂತನ್ನು ನಿಲ್ಲಿಸಬೇಕು. ಉಳಿದ ಭಾಗವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೂಗುಹಾಕಿ, ತಳದಲ್ಲಿ ಪೊಟ್ಯಾಸಿಯಂ ಸಲ್ಫೇಟ್ ಕರಗದೆ ಉಳಿಯುವಷ್ಟು ಬೆರೆಸಿದ ನೀರು ಇಟ್ಟರೆ ಒಳಗಿನ ತೇವಾಂಶ ಶೇಕಡಾ 97ರ ಆಸುಪಾಸಿನಲ್ಲಿ ನಿಲ್ಲುತ್ತದೆ. ತೋಟಕ್ಕೆ ಹಾಕುವ ಸಲ್ಫೇಟ್ ಆಫ್ ಪೊಟ್ಯಾಷ್ ಅದೇ ಲವಣ. ಪ್ರಯೋಗಾಲಯದ ನಿಖರತೆ ಅದರಿಂದ ಸಿಗದು, ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸಲು ಸಾಕು. ತುಣುಕಿಗೆ ಬೋರ್ಡಿನ ವೋಲ್ಟೇಜನ್ನೇ ಕೊಟ್ಟು ಒಂದು ವಾರ ಬಿಟ್ಟು, ಎರಡು ಗೆರೆಗಳ ನಡುವಿನ ನಿರೋಧವನ್ನು ಅಳೆಯಬೇಕು. ಫ್ಲಕ್ಸಿನ ಪರೀಕ್ಷೆಗಳಲ್ಲಿ ಉದ್ಯಮ ಒಪ್ಪಿಕೊಂಡ ಗೆರೆ 100 ಮೆಗಾಓಮ್. ಮೋಟಾರಿಗೆ ಬಳಸುವ 500 ವೋಲ್ಟಿನ ಮೆಗ್ಗರನ್ನು ಮಾತ್ರ ಇಲ್ಲಿ ಹಚ್ಚಬಾರದು. ಅಷ್ಟು ಸಣ್ಣ ಅಂತರಕ್ಕೆ ಅದು ಹೆಚ್ಚು.

ಹೀಗೆ ತುಣುಕನ್ನು ಪರೀಕ್ಷಿಸಿದರೆ ಬೋರ್ಡನ್ನು ಪರೀಕ್ಷಿಸಿದಂತೆ ಆಗುತ್ತದೆಯೇ? ಪೂರ್ತಿ ಆಗುವುದಿಲ್ಲ. ಐಸಿಯ ಹೊಟ್ಟೆಯಡಿ ಏನು ಉಳಿದಿದೆಯೆಂದು ಖಾಲಿ ತುಣುಕು ಹೇಳಲಾರದು. ಅದಕ್ಕಾಗಿ ಆಗಾಗ ಒಂದು ಬೋರ್ಡನ್ನು ಬಲಿಕೊಟ್ಟು, ಐಸಿಯನ್ನು ಕಿತ್ತು ಅಡಿಯನ್ನು ನೋಡಲೇಬೇಕು. ನೂರು ಬೋರ್ಡು ತೋಟಗಳಿಂದ ವಾಪಸು ಬರುವುದರ ಮುಂದೆ ಒಂದು ಬೋರ್ಡು ದುಬಾರಿಯಲ್ಲ.

ಕೊಳ್ಳುವವರಿಗೆ, ಅದರಲ್ಲೂ ಬೇರೆ ಊರಿನಿಂದ ಬೋರ್ಡು ತರಿಸಿ ಪೆಟ್ಟಿಗೆ ಕಟ್ಟುವ ನಮ್ಮ ಶಿವಮೊಗ್ಗ, ಭದ್ರಾವತಿಯ ಉದ್ಯಮಿಗಳಿಗೆ ಒಂದು ವಿನಂತಿ. ಕೋಟಿಂಗ್ ಇದೆಯೇ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ; ಆ ಪ್ರಶ್ನೆಗೆ ಹೌದು ಎಂಬ ಉತ್ತರ ಎಲ್ಲರ ಹತ್ತಿರವೂ ಇದೆ. ಯಾವ ಜಾತಿಯ ಲೇಪನ, ಹಾಕುವ ಮೊದಲು ಹೇಗೆ ತೊಳೆದಿರಿ, ಎಷ್ಟು ಹೊತ್ತು ಒಣಗಿಸಿದಿರಿ, ಈ ಕಂತಿನ ಪರೀಕ್ಷೆಯ ತುಣುಕು ಎಲ್ಲಿದೆ ಎಂದು ಕೇಳಿ, ಉತ್ತರವನ್ನು ಬಿಲ್ಲಿನ ಜೊತೆ ಬರಹದಲ್ಲಿ ಪಡೆಯಿರಿ. ಮಳೆಗಾಲ ಶುರುವಾಗುವ ಮೊದಲೇ ಕೇಳಿ.